ಉಲ್ಟಾ ತಿರುಗಿದ ಗರಗಸ

ಲೇ ಸಿದ್ದರಾಜು,

ಇದನ್ನ ನಿಂಗೆ ಕಳ್ಸಾಕಿಲ್ಲ. ಬಯ್ಯಕ್ಕೆ ಅಂತ ಬರೀತಾ ಇವ್ನಿ.

ಇವತ್ತು ಬೆಳಿಗ್ಗೆ ಮನೆ ಹಿಂದಿನ ಶೆಡ್ಡಲ್ಲಿ ಸ್ಟಾರ್ಟರ್ ಒತ್ತಿದ್ರೆ ಗರಗಸದ ಮಿಷನ್ನು ಉಲ್ಟಾ ತಿರುಗ್ತು ಕಣ್ಲಾ. ನೆನ್ನೆ ನೆಟ್ಟಗಿತ್ತು. ತ್ರೀ ಫೇಸಲ್ಲಿ ಎರಡು ವೈರು ಅದಲು ಬದಲಾದ್ರೆ ಮೋಟ್ರು ಹಿಂದಕ್ಕೆ ತಿರುಗುತ್ತೆ ಅಂತ ನಂಗೆ ಹೇಳ್ಕೊಟ್ಟವನೇ ನೀನು. ಈ ಮಿಷನ್ನಿನ ಕೆಲಸದಲ್ಲಿ ನಿನ್ ಪಾಲು ಬಿಟ್ಟು ನರಸೀಪುರಕ್ಕೆ ಓದಾಗ ಶೆಡ್ಡಿನ ಇನ್ನೊಂದು ಬೀಗದಕೈ ವಾಪಸ್ ಕೊಡ್ಲಿಲ್ಲ. ಇನ್ಯಾರು ಬಂದಿರ್ತಾರೆ?

ಬೀಗದ ಮೇಲೆ ಒಂದು ಗೀರೂ ಇಲ್ಲ. ನೆಲದ ಹೊಟ್ಟಿನಲ್ಲಿ ನಿನ್ ಚಪ್ಪಲಿ ಗುರುತು ಹುಡುಕ್ದೆ.

"ಅವ್ನು ಬಂದಿದ್ರೆ ಟೀ ಕುಡೀದೆ ಓಯ್ತಿದ್ನಾ?" ಅಂದ್ಲು ನಿನ್ನ ಅತ್ತಿಗೆ ಇಂದ್ರಾಣಿ. ನಿನ್ ಪರ ಮಾತಾಡ್ತಾಳಲ್ಲ ಅಂತ ಅವಳ ಮೇಲೂ ಅನುಮಾನ ಬಂತು.

ಅಷ್ಟರಲ್ಲಿ ಹಿಟ್ಟಿನ ಗಿರಣಿ ಮಾರಯ್ಯ ಬಯ್ಕೊಂಡು ಬಂದ. ಅವನ ಮೋಟ್ರೂ ಉಲ್ಟಾ. ನೆನ್ನೆ ಟ್ರಾನ್ಸ್‌ಫಾರ್ಮರ್ ಬದಲಾಯ್ಸಿದವ್ರು ವೈರು ಅದಲು ಬದಲು ಕೊಟ್ಟವ್ರೆ, ಬೀದಿಗೆಲ್ಲ ಇದೇ ಕತೆ.

ಅಂಗಾದ್ರೆ ನೀನು ಬಂದೇ ಇರ್ಲಿಲ್ಲ.

ವೈರು ಸರಿ ಮಾಡ್ದೆ. ಆದ್ರೂ ಇರ್ಲಿ, ನಂಜನಗೂಡಿಂದ ಹೊಸ ಬೀಗ ತರ್ತೀನಿ ಅಂತ ಹೊರಟವನು ಬಸ್ ಸ್ಟಾಪ್ ತಂಕ ಓಗಿ ವಾಪಸ್ ಬಂದೆ. ಹೊಸ ಬೀಗಕ್ಕೆ ನಿನ್ ಹತ್ರ ಇರೋ ಬೀಗದಕೈ ಆಗಾಕಿಲ್ವಲ್ಲ.