ಫ್ಲೇವಿಯಾ ಒಪ್ಪಿಕೊಂಡ ತಪ್ಪು

೧೧ ಜನವರಿ ೨೦೦೯, ಭಾನುವಾರ

ಆ ಸುಪರ್ಣಾಳ ನಗು ಕಿವಿಯಿಂದ ಹೋಗುತ್ತಿಲ್ಲ. ಮಗುವಿನ ಹಣೆ ನಾಲ್ಕನೇ ಸಲ ಮುಟ್ಟಿ ನೋಡಿದೆ. ಜ್ವರವಿಲ್ಲ, ಸುಡುತ್ತಿರುವುದು ನನಗೇ.

ಗೆಳತಿ ಫ್ಲೇವಿಯಾ ತೀರಿಕೊಂಡು ಇಂದಿಗೆ ವರ್ಷ. ನಾವಿಬ್ಬರೂ ಓದಿದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಸಭೆಯಿತ್ತು. ಗಾಜಾದ ಮೇಲೆ ಬಾಂಬು ಬೀಳುತ್ತಿರುವಾಗ ಅವಳಿರಬೇಕಿತ್ತು ಎಂದು ಎಲ್ಲರೂ ಅಂದರು. ಆಮೇಲೆ ನಮ್ಮ ಜೂನಿಯರ್ ಸುಪರ್ಣಾ ನಮ್ಮ ಎಂ.ಎ. ಕಾಲದ ಫಲಕವೊಂದನ್ನು ಎತ್ತಿ ಹಿಡಿದಳು. ಬಂಗಾಳಿಯಲ್ಲಿ ಮನೆಗೆ ಬರೆಯುವುದು ‘ಘರ’, ಅನ್ನುವುದು ‘ಘೊರ್’. ಕಿವಿ ನಂಬಿ ಬರೆದರೆ ಮನೆ ಹೋಗಿ ‘ಘೋರ’ವಾಗುತ್ತದೆ. ಫಲಕದಲ್ಲಿ ಆಗಿರುವುದು ಅದೇ: ಪ್ಯಾಲೆಸ್ತೀನಿಯರಿಗೆ ಅವರ ಘೋರವನ್ನು ಮರಳಿಸಿ!

“ಇದನ್ನ ನೋಡಿ ನಕ್ಕಿದ್ದೆ. ಫ್ಲೇವಿಯಾದಿ ನನ್ನ ಹಿಡಿದು ಕೂರಿಸಿ ಎರಡು ಗಂಟೆ ಪ್ಯಾಲೆಸ್ತೀನ್ ಕಥೆ ಹೇಳಿದ್ಲು. ಅವಳ ಈ ಕಾಗುಣಿತವೇ ನನ್ನನ್ನ ಈ ಕೆಲಸಕ್ಕೆ ತಂದದ್ದು!” ಎಂದಳು ಸುಪರ್ಣಾ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳ ಕಾಗುಣಿತವಂತೆ! ಬರೆದವಳು ಆಗಷ್ಟೇ ಬಂಗಾಳಿ ಕಲಿಯುತ್ತಿದ್ದ ನಾನು. ಅಂದು ಸೀನಿಯರ್‌ಗಳು ಗೇಲಿ ಮಾಡಿದಾಗ ನನ್ನ ಕಣ್ಣು ತುಂಬಿದ್ದು ಕಂಡು, ಫ್ಲೇವಿಯಾ ತಾನೇ ಬರೆದದ್ದೆಂದು ಹೇಳಿಬಿಟ್ಟಳು. ನನ್ನತ್ತ ತಿರುಗಿ ತನ್ನ ಮಂಗಳೂರು ಕನ್ನಡದಲ್ಲಿ, “ಸುಮ್ನಿರು ಮಾರಾಯ್ತಿ, ನಂಗೆ ಹೇಗೂ ಮರ್ಯಾದೆ ಇಲ್ಲ” ಅಂದಳು.

ಇಂದು ನಿಜ ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಹೇಳಿದ್ದರೆ ಆ ಚಪ್ಪಾಳೆಯಲ್ಲಿ ನನಗೂ ಪಾಲು ಸಿಗುತ್ತಿತ್ತೇನೋ. ಆದರೆ ಫ್ಲೇವಿಯಾಳ ಮಾತು, ಅವಳ ಸಿಟ್ಟು ಎಲ್ಲ ಆಗಲೇ ಆ ಸಭೆಯವರದಾಗಿಹೋಗಿದೆ. ನನ್ನೊಬ್ಬಳಿಗಾಗಿ ಅವಳು ಹೇಳಿದ್ದು ಆ ಒಂದು ಸುಳ್ಳು. ಅದನ್ನೂ ಸುಪರ್ಣಾಳ ಕೈಗೆ ಕೊಟ್ಟು ಬರಲೇ?