ಮುಳ್ಳೇಳದ ಪಾಕ

ಜನವರಿ 4, ಶನಿವಾರ. ಬೆಳಿಗ್ಗೆ 5.30

ಇವತ್ತೂ ಶೆಗಡಿ ಒಲೆ ಮುಂದೆ. ಅಗಲ ಪರಾತದಲ್ಲಿ ಎಳ್ಳು, ಕೆಳಗೆ ಬೂದಿ ಮುಚ್ಚಿದ ಕೆಂಡ. ಒಂದು ಚಮಚೆ ಸಕ್ಕರೆ ಪಾಕ ಹಾಕು, ಬೆರಳಾಡಿಸು, ಒಣಗಿಸು, ಮತ್ತೆ ಹಾಕು. ಹಾಕುತ್ತ ಹಾಕುತ್ತ ಎಳ್ಳಿನ ಮೈಮೇಲೆ ಸಕ್ಕರೆ ಮುಳ್ಳು ಏಳಬೇಕು — ಅದೇ ಕುಸುರೆಳ್ಳು. ಕೆಮಿಸ್ಟ್ರಿ ಲೆಕ್ಚರರ್‌ಗೆ ಇಂಥ ಪ್ರಾಕ್ಟಿಕಲ್ ಯಾವ ಯುನಿವರ್ಸಿಟಿಯೂ ಕೊಟ್ಟಿರಲಿಲ್ಲ.

ಹೊಸ ಸೊಸೆ, ಅಂದರೆ ನನ್ನ ಹೆಂಡತಿ ರೋಹಿಣಿಯ ಮೊದಲ ಸಂಕ್ರಾಂತಿ. ಕುಸುರೆಳ್ಳು ಪೋಣಿಸಿ ಸರ, ಬಳೆ ಇಂಥ ಒಡವೆ ಮಾಡಿ, ತೊಡಿಸಿ, ಆರತಿ ಎತ್ತಬೇಕು. ಮಾಡಬೇಕಾದವಳು ಅತ್ತೆ, ಸೊಸೆ ಮುಟ್ಟುವ ಹಾಗಿಲ್ಲ. ಅತ್ತೆ, ಅಂದರೆ ನಮ್ಮವ್ವ, ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾಳೆ. ಪ್ಲಾಸ್ಟರ್ ನೀರು ಕುಡಿದು ಗಟ್ಟಿಯಾಗುತ್ತದೆ. ಅವ್ವ ಕುಡಿಯದೆಯೂ ಗಟ್ಟಿ. ಪೇಟೆಯಿಂದ ರೆಡಿಮೇಡ್ ತರೋಣ ಅಂದೆ. ಪರಾತ ನನ್ನ ಮುಂದೆ ಬಂತು.

ಜನವರಿ 5, ರವಿವಾರ

ಸಂಜೆ ರೋಹಿಣಿ ಜೊತೆ ಸ್ಟೇಷನ್ ತನಕ ವಾಕಿಂಗ್. ಮದುವೆಯಾಗಿ ಎರಡು ತಿಂಗಳಿಗೆ ತಾನಾಗೇ ಬಾಯಿಬಿಟ್ಟಳು. ಇವಳು ಸಣ್ಣವಳಿರುವಾಗಲೇ ತಾಯಿ ತೀರಿಕೊಂಡಿದ್ದು, ದುಮ್ಮವಾಡದ ಸೋದರಮಾವನ ಮನೆಯಲ್ಲಿ ಬೆಳೆದದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ —

“ಓಣಿಯಾಗ ಯಾರಿಗೆ ಕುಸುರೆಳ್ಳಿನ ಒಡವಿ ತೊಡಿಸಿದ್ರೂ ಆರತಿ ತಾಟ ಹಿಡಿಯಾಕ ನಾನು ಬೇಕು. ಒಮ್ಮೆ ನಾನೂ ಮಣೆ ಮ್ಯಾಲೆ ಕುಂದ್ರಬೇಕು ಅಂತ ಭಾಳ ಆಸೆ ಇತ್ರಿ.”

ಜೋಕೊಂದು ನಾಲಿಗೆ ತುದಿಯಲ್ಲಿತ್ತು. ನುಂಗಿದೆ.

ಜನವರಿ 7, ಮಂಗಳವಾರ

ಹೊಸ ಪಾಕ. ಯಾಕೋ ಮಾಸಲು ಬಣ್ಣ. ರೋಹಿಣಿ ಒಡವೆ ಹಾಲಿನಂತಿರಬೇಕು. ಜಿಲೇಬಿಯವನು ಪಾಕಕ್ಕೆ ಲಿಂಬಿಹಣ್ಣು ಹಿಂಡುವುದು ನೆನಪಾಯಿತು. ಅವ್ವ ಪೂಜೆಗೆ ಕೂತಿದ್ದಳು — ಅರ್ಧ ಹೋಳು ಹಿಂಡಿ ಚೆನ್ನಾಗಿ ಕುದಿಸಿದೆ. ಗಾಜಿನಂಥ ಪಾಕ! ಇನ್ನು ನನ್ನನ್ನು ಪಾಕಶಾಸ್ತ್ರಿ ಅನ್ನಬಹುದು.

ಜನವರಿ 9, ಗುರುವಾರ

ಮುಳ್ಳಿಲ್ಲ. ಬರೀ ಅಂಟು. ಪರೀಕ್ಷೆ ದಿನದ ಹಿಂದಿನ ಬೆಂಚಿನಂತೆ ಎಳ್ಳೆಲ್ಲ ಒಂದಕ್ಕೊಂದು ಒರಗಿಕೊಂಡಿವೆ. ಕೆಂಡ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಊಹೂಂ.

ಅವ್ವನ ತಂಗಿ ರೇವವ್ವ ಚಿಗವ್ವ ಬಂದು ಪರಾತದಲ್ಲಿ ಬೆರಳಿಟ್ಟಳು. ಈ ಮನೆಯಲ್ಲಿ ಮುಳ್ಳು ಏಳದ ವರ್ಷವೇ ಇರಲಿಲ್ಲ ಅಂದಳು. ಆಮೇಲೆ ದನಿ ಇಳಿಸಿ ಅವ್ವನಿಗೆ — “ಕಾಲ್ಗುಣನೂ ಇರ್ತೈತಿ ನೋಡವ್ವ ದೇವಕ್ಕ.”

ದನಿ ಸಾಕಷ್ಟು ಇಳಿದಿರಲಿಲ್ಲ. ರೋಹಿಣಿ ಚಹಾದ ತಾಟು ಇಟ್ಟು ಒಳಗೆ ಹೋದಳು. ಅವ್ವ ತಂಗಿಗೆ ಸರಿಯಾಗಿ ಬೈದಳು, ನಿಜ. ಆದರೆ ರೋಹಿಣಿ ಊಟಕ್ಕೆ ಕೂತಾಗ, ಒಡವೆ ಬ್ಯಾಡ ಬಿಡ್ರಿ, ಸುಮ್ಮನೆ ಆರತಿ ಸಾಕು ಅಂದಳು. ನಗುತ್ತಲೇ ಅಂದಳು.

ಜನವರಿ 10, ಶುಕ್ರವಾರ. ಸ್ಟಾಫ್ ರೂಮು

ಸೆಕೆಂಡ್ ಪಿಯು ರಿವಿಷನ್. ಬೋರ್ಡಿಗೆ ತಿರುಗಿ ಬರೆಯುತ್ತಿದ್ದೆ: ಸುಕ್ರೋಸನ್ನು ಆಮ್ಲದೊಂದಿಗೆ ಕುದಿಸಿದರೆ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ…

ಚಾಕ್‌ಪೀಸ್ ನಿಂತಿತು. ಲಿಂಬಿಹಣ್ಣು!

ಸಕ್ಕರೆ ನೀರಲ್ಲಿ ಕರಗುವುದು ಬರೀ ಭೌತ ಬದಲಾವಣೆ. ನೀರು ಆರಿದರೆ ಹರಳು ವಾಪಸ್. ನಾನು ಹುಳಿ ಹಾಕಿ ಕುದಿಸಿ ಸಕ್ಕರೆಯನ್ನೇ ಒಡೆದಿದ್ದೇನೆ. ರಾಸಾಯನಿಕ ಬದಲಾವಣೆ. ಸಿಹಿ ಇರುತ್ತದೆ, ಹರಳು ಕಟ್ಟಲೊಲ್ಲದು. ವರ್ಷಾ ವರ್ಷಾ ಪಾಠ ಮಾಡಿ, ಮನೆಯಲ್ಲಿ ಫೇಲು.

ಮುಂದಿನ ಬೆಂಚಿನ ಶಾಕೀರ್ ಎದ್ದು ನಿಂತ. “ಏನಾತ್ರಿ ಸರ?”

“ಸರ ಆಗಲಿಲ್ಲಪ್ಪ, ಅದಕ್ಕ ಸರ ನಿಂತಾನ.”

ಕ್ಲಾಸಿಗೆ ಅರ್ಥವಾಗಲಿಲ್ಲ. ನಗುವುದು ಮಾತ್ರ ಬಿಡಲಿಲ್ಲ.

ರಾತ್ರಿ ಊಟದ ಮುಂಚೆ

ಚಿಗವ್ವನನ್ನೂ ಕರೆಸಿ ಎಲ್ಲರ ಮುಂದೆ ಹೇಳಿದೆ: ಇದು ಕಾಲ್ಗುಣ ಅಲ್ಲ, ಲಿಂಬಿಗುಣ. ಹಿಂಡಿದವನು ನಾನು.

ಅವ್ವ ನನ್ನತ್ತ ತಿರುಗಿದಳು. “ಲೇ ಗೌರ್ಯಾ, ನಿನಗ ಪಗಾರ ಯಾಕ ಕೊಡ್ತಾರೋ?” ಆಮೇಲೆ ಪ್ಲಾಸ್ಟರ್ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಕ್ಕಳು. ರೋಹಿಣಿ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಚಿಗವ್ವ ನಗಲಿಲ್ಲ, ನಾಳೆ ನಸುಕಿಗೆ ಬರತೇನಿ, ಎರಡನೇ ಶೆಗಡಿ ಹಚ್ಚಿಡ್ರಿ ಅಂದು ಹೋದಳು. ಅಂಟೆಳ್ಳು ಬೆಲ್ಲ ಸೇರಿ ಉಂಡಿಯಾಯಿತು.

ಜನವರಿ 13, ಸೋಮವಾರ. ನಸುಕು

ಬಂತು! ಚಳಿಗೆ ಮೈ ಜುಂ ಅಂದಂತೆ ಕಾಳುಕಾಳಿಗೆ ಬಿಳಿ ಮುಳ್ಳು. ಪಾಕ ಹಿಡಿಸಿದ ಶೇಂಗಾ ಇನ್ನೂ ದಪ್ಪ, ಪದಕಕ್ಕೆ ಸರಿ. ಮೂರು ನಸುಕಿನಿಂದ ಚಿಗವ್ವ ಒಂದು ಶೆಗಡಿ, ನಾನೊಂದು ಶೆಗಡಿ. ನನ್ನ ಎಳ್ಳು ನೋಡಿ, ಪರವಾಗಿಲ್ಲ, ಸಪ್ಲಿಮೆಂಟರಿಯಾಗ ಪಾಸ್ ಅಂದಳು.

ರೋಹಿಣಿ ಹೊಸ್ತಿಲಲ್ಲಿ ನಿಂತು ಇಣುಕುತ್ತಿದ್ದಳು. ಚಿಗವ್ವ ಚಿಟಿಕೆಯಷ್ಟು ತೆಗೆದು ಅವಳ ಬಾಯಿಗೇ ಹಾಕಿದಳು. “ಮುಟ್ಟಬ್ಯಾಡ ಅಂದಾರ, ತಿನ್ನಬ್ಯಾಡ ಅಂದಿಲ್ಲಲ.” ಅಷ್ಟೇ. ಕ್ಷಮೆ ಕೇಳಿದ್ದು ಅದೇ.

ಜನವರಿ 14, ಸಂಕ್ರಾಂತಿ. ಸಂಜೆ

ಸಂಕ್ರಾಂತಿಗೆಂದೇ ಕರಿ ಇಳಕಲ್ ಸೀರೆ, ಮೇಲೆ ಬೆಳ್ಳಗಿನ ಸರ, ಬಳೆ, ಬಾಜೂಬಂದ. ನನಗೆ ಅಯಾನಿಕ ಬಂಧ, ಸಹವೇಲೆನ್ಸಿಯ ಬಂಧ ಎರಡೇ ಗೊತ್ತಿದ್ದವು. ಇದು ಮೂರನೇದು. ಅವ್ವ ಎಡಗೈಲಿ ಕುಂಕುಮ ಹಚ್ಚಿದಳು. ಆರತಿ ತಾಟು ಬಂದ ಕೂಡಲೇ ರೋಹಿಣಿ ರೂಢಿ ಪ್ರಕಾರ ಹಿಡಿಯಲು ಕೈ ಚಾಚಿದಳು. ಚಿಗವ್ವ ಮೆಲ್ಲಗೆ ಆ ಕೈ ಕೆಳಗಿಳಿಸಿದಳು.

“ಕುಂದ್ರವ್ವ ಸುಮ್ಮನ. ಇವತ್ತ ನಾವ್ ಹಿಡೀತೀವಿ.”

ಕೂತಳು. ಹಾಡು ಮುಗಿದರೂ ಕೂತಳು. ಒಡವೆ ಮುರಿದು ಹುಡುಗರಿಗೆ ಹಂಚುವ ಹೊತ್ತಾಯಿತು ಅಂದರೆ, ಇನ್ನೊಂದೀಟು ತಡೀರಿ ಅತ್ತಿ ಅನ್ನುತ್ತಾಳೆ. ಮಂದಿಯ ಬಿಸಿಗೆ ಬೆವರಿ ಕೊರಳಲ್ಲಿ ಸಕ್ಕರೆ ಕರಗುತ್ತಿದೆ — ಶುದ್ಧ ಭೌತ ಬದಲಾವಣೆ. ಅವಳ ಮುಖದ್ದು ಯಾವ ಬದಲಾವಣೆ ಅಂತ ಬರೆಯಬೇಕಂದರೆ…

ಕೂಗುತ್ತಿದ್ದಾರೆ. ಇರುವೆ ಹತ್ಯಾವಂತೆ. ಹೆಂಗಸರೆಲ್ಲ ನಗುತ್ತಿದ್ದಾರೆ, ಎಲ್ಲರಿಗಿಂತ ಜೋರು ರೋಹಿಣಿ. ಸರದ ಗಂಟು ನಾನು ಹಾಕಿದ್ದು, ನಾನೇ ಬಿಚ್ಚಬೇಕಂತೆ. ಪಾಕ ಇಳಿದು ಗಂಟು ಅಂಟಿಕೊಂಡಿರಬೇಕು. ಬಂದೆ, ಬಂದೆ!