ಗಂಗಕ್ಕನ ನಾಯಿಗಳು

ಮಾಸ್ತಿ,

ದೋಣಿಯಿಂದ ಬಂದವನೇ ಬಚ್ಚಲಿನ ಬಾಗಿಲು ತೆಗೆಯಬೇಡ. ಒಳಗೆ ಮೂರು ನಾಯಿಗಳಿವೆ. ಬೈಯುವ ಮೊದಲು ಇದನ್ನು ಓದು.

ಹೊಳನಗದ್ದೆಯ ಗಂಗಕ್ಕ ಬೀದಿನಾಯಿಗಳನ್ನೆಲ್ಲ ತಂದು ಮನೆಯೊಳಗೆ ಕೂಡಿಹಾಕಿಕೊಂಡಿದ್ದಾಳಲ್ಲ, ಅವಕ್ಕೆ ನಾಳೆ ವಿಷ ಹಾಕುತ್ತೇವೆ ಎಂದು ಕೇರಿಯವರು ಹೊರಟಿದ್ದಾರೆ. ಬೆಳಿಗ್ಗೆ ನಾನೂ ಪಕ್ಕದ ಮನೆಯ ತಿಮ್ಮಿಯೂ ಹೋಗಿದ್ದೆವು. ಒಂದೇ ಕತ್ತಲ ಕೋಣೆಯಲ್ಲಿ ಇಪ್ಪತ್ತರ ಮೇಲಿವೆ. ಮೈಯೆಲ್ಲ ಹುಣ್ಣು, ನಿಲ್ಲಲೂ ಜಾಗವಿಲ್ಲ.

"ಹೊರಗೆ ಬಿಟ್ರೆ ಸಾಯ್ತವಲ್ಲೇ ಕಮಲಿ" ಎಂದು ಗಂಗಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಒಳಗಾದ್ರೂ ಎಂತ ಬದುಕ್ತವೆ ಗಂಗಕ್ಕ? ನೀನೇ ನೋಡು" ಎಂದೆ.

ಬಹಳ ಹೊತ್ತು ಅತ್ತಳು. ಆಮೇಲೆ ತಾನೇ ಮೂರನ್ನು ಎತ್ತಿ ನಮ್ಮ ಕೈಗೆ ಕೊಟ್ಟಳು.

ಉಳಿದವನ್ನು ತರಲು ಈಗ ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದೇವೆ. ಕರ್ಕಿಯಲ್ಲಿ ತಿಮ್ಮಿಯ ತವರಿನವರು ಅವನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಒಲೆಯ ಮೇಲಿನ ಗಂಜಿ ನಾಯಿಗಳದ್ದು, ಸ್ವಲ್ಪ ಸ್ವಲ್ಪವೇ ಹಾಕು. ಹುಣ್ಣಿಗೆ ಅರಿಶಿನ ಕಲಸಿದ ಎಣ್ಣೆ ಹಚ್ಚು. ಕರಿಯದು ಕಚ್ಚುತ್ತದೆ, ಜೋಪಾನ.

ಗಂಗಕ್ಕನನ್ನೂ ಕರೆತರುತ್ತೇನೆ. ಖಾಲಿಯಾದ ಆ ಮನೆಯಲ್ಲಿ ಅವಳೊಬ್ಬಳನ್ನೇ ಬಿಟ್ಟುಬರಲು ನನ್ನಿಂದಾಗದು. ನಡುಮನೆಯಲ್ಲಿ ಚಾಪೆ ಹಾಸಿಡು. ಅನ್ನ ಬಡಿಸಿದರೆ ಎದುರಿಗೇ ಕೂತಿರು, ಇಲ್ಲದಿದ್ದರೆ ಬಚ್ಚಲಿಗೆ ಒಯ್ದು ಅವಕ್ಕೇ ಹಾಕಿಬಿಡುತ್ತಾಳೆ.

ಅಕ್ಕ